ವಿಳಾಸ ಇಲ್ಲದ ಕಲ್ಲು

ಮೇಷ್ಟ್ರು ನಮ್ಮ ತಲೆಗೆ ಗುರಿಯಿಟ್ಟು ಎಸೆಯುತ್ತಿದ್ದ ಚಾಕ್‌ಪೀಸಿಗೆ ಸೀಮೆಸುಣ್ಣ ಅನ್ನೋ ಹೆಸರು ಯಾಕೆ ಬಂತು ಅಂತ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ. ಸೀಮೆಯಿಂದ ಬಂದ ಸುಣ್ಣ, ಅಷ್ಟೇ. ಈಗ ನಾನಿರೋದು ಆ ಸೀಮೆಯಲ್ಲೇ, ಇಂಗ್ಲೆಂಡಿನ ಕೆಂಟ್‌ನಲ್ಲಿ. ಇಲ್ಲಿ ಮಾರ್ಗೇಟ್ ಅನ್ನೋ ಊರಿನ ಆಚೀಚೆ ಕಡಲ ದಂಡೆಗೆ ಹೋದರೆ ಉದ್ದಕ್ಕೂ ಗೋಡೆ ಎಬ್ಬಿಸಿದ ಹಾಗೆ ಬಿಳೀ ಸುಣ್ಣದ ಬಂಡೆ, ಅದರ ನಡುವೆ ಅಲ್ಲಲ್ಲಿ ಕಪ್ಪು ಚಕಮಕಿ ಕಲ್ಲು. ಚಳಿಗಾಲದಲ್ಲಿ ಬಂಡೆ ಒಂದಿಷ್ಟು ಕುಸಿದು ಬೀಳುತ್ತೆ. ಆ ಕುಸಿದ ರಾಶಿಯಲ್ಲಿ ನಾನು ಹುಡುಕೋದು ಸೀ ಅರ್ಚಿನ್ ಅನ್ನೋ ಪ್ರಾಣಿಯ ಪಳೆಯುಳಿಕೆಗಳನ್ನ.

ಕನ್ನಡದಲ್ಲಿ ಇದಕ್ಕೆ ಏನನ್ನೋಣ? ಕಂಟಕಚರ್ಮಿ ಅಂತ ಪಠ್ಯಪುಸ್ತಕದಲ್ಲಿದೆ. ಆದರೆ ಅದು ಇಡೀ ವಂಶದ ಹೆಸರು, ನಕ್ಷತ್ರಮೀನೂ ಅದರಲ್ಲೇ ಬರುತ್ತೆ. ನಾನು ಮುಳ್ಳುಂಡೆ ಅಂತ ಕರ್ಕೊಂಡಿದ್ದೀನಿ. ಬದುಕಿದ್ದಾಗ ಮೈತುಂಬ ಮುಳ್ಳು, ಸತ್ತ ಮೇಲೆ ಮುಳ್ಳೆಲ್ಲ ಉದುರಿ ಉಳಿಯೋದು ಬರೀ ಉಂಡೆ :) ಆ ಉಂಡೆಯ ನೆತ್ತಿಯ ಮೇಲೆ ನಂದಿಬಟ್ಟಲ ಹೂವಿನ ಹಾಗೆ ಐದು ಎಸಳು. ಮಾರ್ಗೇಟ್ ಕಡೆ ಸಿಗುವ ಮುಳ್ಳುಂಡೆಗಳಿಗೆ ಸುಮಾರು 8.5 ಕೋಟಿ ವರ್ಷ ವಯಸ್ಸು. ಹೃದಯದ ಆಕಾರದ್ದು ಮೈಕ್ರಾಸ್ಟರ್, ಬೋರಲು ಹಾಕಿದ ಬಟ್ಟಲಿನಂಥದ್ದು ಎಕಿನೋಕೋರಿಸ್. ಇಲ್ಲಿನ ಹಳ್ಳಿಯವರು ಇವನ್ನ ಕುರುಬರ ಕಿರೀಟ ಅಂತಿದ್ದರು. ಇನ್ನು ಕೆಲವು ಕಡೆ ಯಕ್ಷಿಣಿಯರ ರೊಟ್ಟಿ ಅಂತ ಒಲೆಯ ಹತ್ತಿರ ಇಟ್ಟುಕೊಳ್ಳುತ್ತಿದ್ದರಂತೆ, ಮನೆಯಲ್ಲಿ ರೊಟ್ಟಿಗೆ ಬರ ಬರಬಾರದು ಅಂತ.

ವಿಷಯಕ್ಕೆ ಬರ್ತೀನಿ. ಇಲ್ಲಿ ಭಾನುವಾರ ಕಾರ್ ಬೂಟ್ ಸೇಲ್ ಅಂತ ನಡೆಯುತ್ತೆ. ಮೈದಾನದಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ತೆಗೆದು, ಮನೆಯ ಹಳೇ ಸಾಮಾನೆಲ್ಲ ಹರವಿಕೊಂಡು ಮಾರೋದು. ಹೋದ ವರ್ಷ ಅಂಥ ಒಂದು ಕಡೆ ಬಿಸ್ಕತ್ತಿನ ಡಬ್ಬದ ತುಂಬ ಮುಳ್ಳುಂಡೆಗಳನ್ನ ನೋಡಿದೆ. ಒಂದಕ್ಕೆ ಒಂದು ಪೌಂಡ್. ಒಂದೊಂದರ ಹೊಟ್ಟೆಯ ಮೇಲೂ ಬಿಳೀ ಬಣ್ಣದ ಚುಕ್ಕೆ, ಚುಕ್ಕೆಯ ಮೇಲೆ ಕಪ್ಪು ಶಾಯಿಯಲ್ಲಿ ಇರುವೆಯಷ್ಟು ಚಿಕ್ಕ ಅಂಕಿ: 214, 215, 231... ಎದೆ ಧಸಕ್ಕಂತು. ಅಂಕಿ ಇದೆ ಅಂದಮೇಲೆ ಎಲ್ಲೋ ಒಂದು ಪುಸ್ತಕ ಇರಲೇಬೇಕು. ಮಾರುತ್ತಿದ್ದಾಕೆಯನ್ನ ಕೇಳಿದೆ. ಮಾವನವರ ಹುಚ್ಚು ಅದು, ಪುಸ್ತಕಗಳಿದ್ದವು, ಮನೆ ಖಾಲಿ ಮಾಡುವಾಗ ಕಾಗದದ ಜೊತೆ ಕಸಕ್ಕೆ ಹೋಯಿತು ಅಂದರು. ಒಳ್ಳೇ ಹೆಂಗಸು, ಡಬ್ಬ ಬಿಟ್ಟಿ ಕೊಡ್ತೀನಿ ತೊಗೊಳ್ಳಿ ಅಂದರು ಕೂಡ.

ಒಬ್ಬ ಮನುಷ್ಯ ಹತ್ತಿಪ್ಪತ್ತು ವರ್ಷ ಮಳೆಗಾಳಿಯಲ್ಲಿ ಬಗ್ಗಿ ಬಗ್ಗಿ ಆರಿಸಿದ್ದು, ಪುಸ್ತಕ ಹೋದ ದಿನವೇ ಮೇಜಿನ ಮೇಲಿಡೋ ಆಟದ ಸಾಮಾನಾಗಿಬಿಟ್ಟಿತು. ಕಲ್ಲೇನೋ ಹಾಗೇ ಇದೆ. ಅದು ಯಾವ ಬಂಡೆಯದ್ದು, ಎಷ್ಟು ಎತ್ತರದ ಪದರದ್ದು ಅಂತ ಇನ್ನು ಹೇಳೋರಿಲ್ಲ.

ಅದರಿಂದ ಏನು ನಷ್ಟ ಅಂತ ಕೇಳೋರಿಗೆ ಮಾರ್ಗೇಟಿನದೇ ಉದಾಹರಣೆ ಇದೆ. ಆರ್ಥರ್ ರೋ ಅಂತ ಅಲ್ಲೊಬ್ಬ ಡಾಕ್ಟರ್ ಇದ್ದರು. ಕಸುಬು ವೈದ್ಯಕೀಯ, ಭೂವಿಜ್ಞಾನದಲ್ಲಿ ಹವ್ಯಾಸಿ. ಬಿಡುವಾದಾಗಲೆಲ್ಲ ಬಂಡೆಯಲ್ಲಿ ಮೈಕ್ರಾಸ್ಟರ್ ಹುಡುಕೋದು, ಹಲ್ಲಿನ ಡಾಕ್ಟರರು ಕೊರೆಯೋ ಯಂತ್ರದಲ್ಲಿ ಅದಕ್ಕಂಟಿದ ಸುಣ್ಣ ಬಿಡಿಸೋದು. ಅವರ ಹಟ ಒಂದೇ: ಯಾವ ಪದರದಲ್ಲಿ ಸಿಕ್ಕಿತು ಅಂತ ಬರೆಯದೆ ಒಂದನ್ನೂ ಒಳಗೆ ಸೇರಿಸಬಾರದು. ಹಾಗೆ ಕೂಡಿಟ್ಟ ರಾಶಿಯನ್ನ ಪದರದ ಪ್ರಕಾರ ಕೆಳಗಿಂದ ಮೇಲಕ್ಕೆ ಜೋಡಿಸಿದಾಗ, ಹೃದಯದ ಆಕಾರ ನಿಧಾನವಾಗಿ ಅಗಲವಾಗ್ತಾ ಹೋಗೋದು, ಎಸಳುಗಳ ಗೀರು ಆಳವಾಗೋದು, ಬಾಯಿ ಮುಂದಿನ ಅಂಚಿನ ಕಡೆ ಸರಿಯೋದು ಕಣ್ಣಿಗೇ ಕಂಡಿತು. 1899ರಲ್ಲಿ ಅವರು ಅದನ್ನ ಪ್ರಕಟಿಸಿದರು. ಜೀವವಿಕಾಸವನ್ನ ಪಳೆಯುಳಿಕೆಗಳಲ್ಲೇ ಹಂತಹಂತವಾಗಿ ತೋರಿಸಿದ ಹೆಸರಾಂತ ಉದಾಹರಣೆಗಳಲ್ಲಿ ಅದೊಂದು. ಅದೇ ಮೈಕ್ರಾಸ್ಟರ್‌ಗಳನ್ನ ಒಂದು ಬಿಸ್ಕತ್ತಿನ ಡಬ್ಬಕ್ಕೆ ಸುರಿದು ಕಲಕಿದ್ದರೆ? ಕೆಲವು ಅಗಲ, ಕೆಲವು ಕಿರಿದು. ಅಷ್ಟೇ.

ನನ್ನ ಗೆಳೆಯನೊಬ್ಬ ಇದಕ್ಕೆ ತಿರುಗಿ ಹೊಡೀತಾನೆ. "ನೀವೆಲ್ಲ ಆರಿಸಿ ಮನೆಗೆ ತರೋದಕ್ಕೇ ಈ ಗತಿ, ಅಲ್ಲೇ ಬಿಟ್ಟುಬಿಡ್ರಪ್ಪ, ಮ್ಯೂಸಿಯಂನವರು ನೋಡ್ಕೋತಾರೆ" ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಬಂಡೆ ಕುಸಿದ ಮಾರನೇ ದಿನ ಹೋಗಿ ನೋಡಬೇಕು, ದಂಡೆಯ ನೀರು ಹಾಲಿನ ಹಾಗೆ ಬೆಳ್ಳಗಿರುತ್ತೆ. ಆ ಹಾಲಲ್ಲಿ ಮುಳ್ಳುಂಡೆಗಳೂ ಕರಗಿರುತ್ತವೆ. ಬಿಟ್ಟರೆ ಉಳಿಯೋದಿಲ್ಲ, ಕಡಲು ತಿನ್ನುತ್ತೆ. ಬಂಡೆಗೆ ಸುತ್ತಿಗೆ ಹಾಕೋರ ಬಗ್ಗೆ ನನಗೂ ಸಿಟ್ಟಿದೆ, ಬಂಡೆಯ ಬುಡದಲ್ಲಿ ಹಾಗೆ ಕುಟ್ಟೋದು ತಲೆಗೂ ಒಳ್ಳೇದಲ್ಲ. ಬಿದ್ದದ್ದನ್ನ ಆರಿಸೋರಿಗೆ ಕಳ್ಳರು ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. ನನ್ನ ಪ್ರಕಾರ ಕಳ್ಳತನ ಅಂದರೆ ಕಲ್ಲು ತಂದು ಅದರ ವಿಳಾಸವನ್ನ ದಂಡೆಯಲ್ಲೇ ಬಿಟ್ಟು ಬರೋದು. ಡನ್‌ಸ್ಟಬಲ್ ಹತ್ತಿರದ ಗುಡ್ಡದಲ್ಲಿ 1887ರಲ್ಲಿ ವರ್ದಿಂಗ್ಟನ್ ಸ್ಮಿತ್ ಅನ್ನೋರು ಹಳೇ ಸಮಾಧಿಯೊಂದನ್ನ ಅಗೆದಾಗ ಒಬ್ಬ ಹೆಂಗಸು, ಒಂದು ಮಗು, ಅವರ ಜೊತೆ ರಾಶಿ ಮುಳ್ಳುಂಡೆಗಳು ಸಿಕ್ಕವು. ಸಮಾಧಿಯೊಳಗೆ ಸಿಕ್ಕಿದ್ದು ಅಂತ ಅವರು ಬರೆದಿಟ್ಟಿದ್ದಕ್ಕೆ ಅದು ಯಾರೋ ದುಃಖದಲ್ಲಿ ಆರಿಸಿ ತಂದಿಟ್ಟದ್ದು ಅಂತ ನಮಗೆ ಇವತ್ತು ಅನ್ನಿಸೋದು. ಬರೆಯದಿದ್ದರೆ ಹೊಲದಲ್ಲಿ ಬಿದ್ದಿರೋ ಕಲ್ಲಿಗೂ ಅದಕ್ಕೂ ಏನು ವ್ಯತ್ಯಾಸ?

ನಮ್ಮವರಿಗೆ ಇದು ಹೊಸ ಮಾತೇನಲ್ಲ. ಪೂಜೆಗಿಡೋ ಸಾಲಿಗ್ರಾಮವೂ ಪಳೆಯುಳಿಕೆಯೇ, ಅಮೋನೈಟ್ ಅನ್ನೋ ಇನ್ನೊಂದು ಕಡಲಪ್ರಾಣಿಯದ್ದು. ಗಂಡಕಿ ನದಿಯದ್ದು ಅಂತ ಗೊತ್ತಿದ್ದರೇ ಅದಕ್ಕೆ ಬೆಲೆ. ಆ ಬೆಲೆಯನ್ನೂ ದುಡ್ಡಲ್ಲಿ ಕಟ್ಟಬಾರದು ಅಂತಾರೆ ಮನೆಯ ಹಿರಿಯರು. ಗಂಡಕಿ ಅನ್ನೋ ವಿಳಾಸ ತೆಗೆದುಬಿಟ್ಟರೆ ದೇವರಮನೆಯಲ್ಲಿ ಉಳಿಯೋದು ಕರೀ ಕಲ್ಲು.

ಬೆಂಗಳೂರಿನ ಗೆಳೆಯರು ಹಿತ್ತಲಲ್ಲಿ ಮುಳ್ಳುಂಡೆ ಹುಡುಕಬೇಡಿ. ನಮ್ಮೂರಿನ ಕಲ್ಲಿಗೆ 250 ಕೋಟಿಗಿಂತ ಹೆಚ್ಚು ವರ್ಷ, ಮುಳ್ಳುಂಡೆ ಅನ್ನೋ ಜಾತಿ ಹುಟ್ಟಿಯೇ ಸುಮಾರು 45 ಕೋಟಿ. ಆದರೆ ಪಕ್ಕದ ತಮಿಳುನಾಡಿನ ಅರಿಯಲೂರಿಗೆ ಹೋಗಬಹುದು. ಇಂಗ್ಲೆಂಡಿನ ಸುಣ್ಣದ ಬಂಡೆ ಕಟ್ಟಿದ ಕಾಲದಲ್ಲಿ ಅಲ್ಲೂ ಕಡಲಿತ್ತು. ಬ್ಲಾನ್‌ಫೋರ್ಡ್ ಮೊದಲಾದವರು 1800ರ ನಡುವಿನ ದಶಕಗಳಲ್ಲಿ ಅಲ್ಲಿ ಓಡಾಡಿ ಪದರಗಳಿಗೆ ಉಟ್ಟತ್ತೂರು, ತಿರುಚಿನಾಪಳ್ಳಿ, ಅರಿಯಲೂರು ಅಂತ ಊರುಗಳ ಹೆಸರನ್ನೇ ಇಟ್ಟರು. 1873ರಲ್ಲಿ ಫರ್ಡಿನಾಂಡ್ ಸ್ಟೋಲಿಜ್ಕಾ ಅಲ್ಲಿನ ಮುಳ್ಳುಂಡೆಗಳನ್ನ ವಿವರಿಸಿ ಪುಸ್ತಕ ತಂದರು. ಬೇರೆಯವರು ಆರಿಸಿ ಊರಿನ ಹೆಸರು ಬರೆದಿಟ್ಟಿದ್ದರಿಂದಲೇ ಆ ಕೆಲಸ ಸಾಧ್ಯವಾಯಿತು.

ಈಗ ಅಲ್ಲಿ ಸಿಮೆಂಟ್ ಕಾರ್ಖಾನೆಗಳ ಸುಣ್ಣಕಲ್ಲಿನ ಗಣಿಗಳಿವೆ. ಇಲ್ಲಿ ಕಡಲು ಮಾಡೋ ಕೆಲಸವನ್ನ ಅಲ್ಲಿ ಕುಲುಮೆ ಮಾಡುತ್ತೆ, ಇನ್ನೂ ಬೇಗ. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗಣಿ ಸಚಿವಾಲಯ ಭೂಪರಂಪರೆಯ ರಕ್ಷಣೆಗೆ ಒಂದು ಕರಡು ಮಸೂದೆ ಹೊರಡಿಸಿತು. ಕಾನೂನು ಬೇಡ ಅನ್ನಲ್ಲ ನಾನು. ಆದರೆ ಮುಟ್ಟಬೇಡಿ ಅನ್ನೋದರ ಜೊತೆಗೆ, ಸಿಕ್ಕಿದ್ದನ್ನ ಹೀಗೆ ಬರೆದು ಇಲ್ಲಿಗೆ ತಂದು ತೋರಿಸಿ ಅಂತ ಗಣಿಯ ಕೂಲಿಯವರಿಗೂ ಶಾಲೆ ಹುಡುಗರಿಗೂ ಹೇಳೋರು ಬೇಕು. ಸುಣ್ಣ ಕುಲುಮೆಗೆ ಹೋಗೋ ಮುಂಚೆ ಅದನ್ನ ನೋಡೋ ಕಣ್ಣು ಅವರದು ಮಾತ್ರ.

ಯಾರಾದರೂ ಶುರುಮಾಡೋದಾದರೆ ಇಷ್ಟು: ಕಡಲ ದಂಡೆಯಲ್ಲಿ ಸಿಕ್ಕ ಸುಣ್ಣದ ಮುಳ್ಳುಂಡೆಯನ್ನ ಕೆಲವು ದಿನ ಸಿಹಿನೀರಲ್ಲಿ ನೆನೆಹಾಕಿ, ನೀರು ಬದಲಾಯಿಸ್ತಾ ಇರಿ. ಇಲ್ಲದಿದ್ದರೆ ಒಳಗಿನ ಉಪ್ಪು ಹರಳುಗಟ್ಟಿ ಅದನ್ನ ಪುಡಿ ಮಾಡುತ್ತೆ. ಚಕಮಕಿ ತುಂಬಿಕೊಂಡದ್ದಕ್ಕೆ ಆ ಉಪಚಾರ ಬೇಡ. ಆಮೇಲೆ ಬಿಳೀ ಬಣ್ಣದ ಚುಕ್ಕೆ, ಅದರ ಮೇಲೆ ಅಂಕಿ. ಪುಸ್ತಕದಲ್ಲಿ ಅಂಕಿಯ ಮುಂದೆ ತಾರೀಖು, ಜಾಗ, ಬಿದ್ದಿದ್ದೋ ಬಂಡೆಯಲ್ಲೇ ಕಂಡಿದ್ದೋ ಅನ್ನೋದು. ಅದೇ ವಿವರ ಇನ್ನೊಂದು ಸಲ ಚೀಟಿಯಲ್ಲಿ ಬರೆದು ಡಬ್ಬದ ಒಳಗೇ ಇಡಿ. ಮನೆಯವರಿಗೂ ಹೇಳಿಡಿ, ಡಬ್ಬ ಎಸೆದರೂ ಪುಸ್ತಕ ಎಸೀಬೇಡಿ ಅಂತ. ನಮ್ಮ ಮನೆಯಲ್ಲಿ ಎರಡನ್ನೂ ಎಸೆಯೋ ಬೆದರಿಕೆ ಇದೆ.

ಅಂದಹಾಗೆ, ಮುಳ್ಳುಂಡೆಗಿಂತ ಒಳ್ಳೇ ಹೆಸರು ಕರಾವಳಿ ಕಡೆಯವರ ಬಾಯಲ್ಲಿ ಖಂಡಿತ ಇರಬೇಕು. ಗೊತ್ತಿದ್ದವರು ತಿಳಿಸಿ, ಯಾವ ಊರಿನ ಮಾತು ಅನ್ನೋದನ್ನೂ ಸೇರಿಸಿ.