ಗುಳಿಗೆ ಊರಲ್ಲಿ, ಗುಳೆ ಬೆಂಗಳೂರಲ್ಲಿ

ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದವರು ಯಲಹಂಕ, ಹೆಬ್ಬಾಳದಲ್ಲಿ ಏಳುತ್ತಿರುವ ಕಟ್ಟಡಗಳ ಪಕ್ಕದಲ್ಲೇ ತಗಡಿನ ಶೆಡ್ ಹಾಕಿಕೊಂಡಿರುತ್ತಾರೆ. ಅತ್ತ ಊರಲ್ಲಿ ಆಶಾ ಕಾರ್ಯಕರ್ತೆ ಆನೆಕಾಲು ರೋಗದ ಗುಳಿಗೆ ಹಿಡಿದು ಬಂದಾಗ ಅವರ ಮನೆಗೆ ಬೀಗ. ಆ ಗುಳಿಗೆ ಹಂಚುವ ಜಿಲ್ಲೆಗಳಲ್ಲಿ ಬೆಂಗಳೂರು ಸೇರಿಲ್ಲ.

ಆನೆಕಾಲು ಅಂದರೆ ಊದಿದ ಕಾಲೇ ಕಣ್ಣಿಗೆ ಕಟ್ಟುತ್ತದೆ. ಆದರೆ ರೋಗ ಹರಡುವುದು ಹೆಚ್ಚಾಗಿ ಕಾಲು ಊದಿದವರಿಂದಲ್ಲ, ಏನೂ ಆಗದಂತೆ ಕಾಣುವವರಿಂದ.

ಇದಕ್ಕೆ ಕಾರಣ ರೋಗನಿರೋಧಕ ಕಣಗಳು. ಈ ರೋಗ ತರುವ, ದುಗ್ಧರಸ ನಾಳಗಳಲ್ಲಿ ವರ್ಷಗಟ್ಟಲೆ ಬದುಕುವ ಫೈಲೇರಿಯಾ ಹುಳು ಅಸಂಖ್ಯ ಮರಿಗಳನ್ನು ರಕ್ತಕ್ಕೆ ಬಿಡುತ್ತದೆ. ಹಾಗೆ ಮರಿ ಹೊತ್ತವರಲ್ಲಿ ಟಿ ಕಣಗಳೆಂಬ ನಿರೋಧಕ ಕಣಗಳು ಹುಳುವಿನ ಅಂಶ ಎದುರಿಗೆ ಬಂದರೂ ಸರಿಯಾಗಿ ಕೆರಳುವುದಿಲ್ಲ. ಅವುಗಳಿಗೆ ಲಗಾಮು ಹಾಕುವ ನಿಯಂತ್ರಕ ಟಿ ಕಣಗಳು, ಐಎಲ್-10 ಎಂಬ ರಾಸಾಯನಿಕ ಅಲ್ಲಿ ಮೇಲುಗೈ ಪಡೆದಿರುತ್ತವೆ. ದೇಹ ಹುಳುವಿನೊಂದಿಗೆ ಒಂದು ಬಗೆಯ ರಾಜಿ ಮಾಡಿಕೊಂಡಿರುತ್ತದೆ. ನೋವಿಲ್ಲ, ಊತವಿಲ್ಲ, ರಾತ್ರಿ ಕಚ್ಚುವ ಕ್ಯೂಲೆಕ್ಸ್ ಸೊಳ್ಳೆಗೆ ಮಾತ್ರ ಮರಿ ಧಾರಾಳ. ಈ ಸೊಳ್ಳೆ ಹುಟ್ಟುವುದು ಕೊಳಕು ನೀರಿನಲ್ಲಿ. ಹೆಬ್ಬಾಳದ ಮೋರಿಗಳಲ್ಲಿ ಅದಕ್ಕೇನು ಬರ?

ಕಾಲು ಊದಿದವರಲ್ಲಿ ಇದು ತಿರುಗುಮುರುಗು. ಅವರ ನಿರೋಧಕ ಕಣಗಳು ಕೆರಳಿ ನಾಳಗಳನ್ನೇ ಹಾಳು ಮಾಡಿರುತ್ತವೆ. ಬೆರಳ ಸಂದಿಯ ಬಿರುಕಿನಲ್ಲಿ ಬ್ಯಾಕ್ಟೀರಿಯಾ ಹೊಕ್ಕು ಜ್ವರ ಬಂದಂತೆಲ್ಲ ಊತ ಹೆಚ್ಚುತ್ತದೆ. ದಿನವೂ ಸೋಪು ಹಚ್ಚಿ ತೊಳೆದು, ಸಂದಿಗಳನ್ನು ಒರೆಸಿ ಒಣಗಿಸುವುದು ಇವರಿಗೆ ಔಷಧಿಯಷ್ಟೇ ಮುಖ್ಯ. ನಲ್ಲಿಯೇ ಇಲ್ಲದ ಶೆಡ್‌ನಲ್ಲಿ ಅದು ಹೇಗೆ ಸಾಧ್ಯ?

ಇನ್ನು ಗುಳಿಗೆಯ ಮಾತು. ಐವರ್‌ಮೆಕ್ಟಿನ್, ಡಿಇಸಿ, ಆಲ್ಬೆಂಡಜೋಲ್ ಮೂರನ್ನೂ ಒಟ್ಟಿಗೆ ನುಂಗಿಸುವ ಪದ್ಧತಿ ದೇಶದಲ್ಲಿ ಮೊದಲು ಜಾರಿಯಾದ ಐದು ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ನುಂಗಿದ ಮೇಲೆ ಕೆಲವರಿಗೆ ತಲೆಸುತ್ತು, ಜ್ವರ ಬರುತ್ತದೆ. ಆ ಭಯಕ್ಕೇ ಎಷ್ಟೋ ಮಂದಿ ಗುಳಿಗೆಯನ್ನು ಜೇಬಿಗಿಳಿಸುತ್ತಾರೆ. ಆ ಜ್ವರ ಹೆಚ್ಚಾಗಿ ರಕ್ತದಲ್ಲಿ ಮರಿಗಳು ಸತ್ತು, ಸುಮ್ಮನಿದ್ದ ದೇಹ ಅವುಗಳ ಮೇಲೆ ತಿರುಗಿಬಿದ್ದದ್ದರ ಗುರುತು. ಇದನ್ನು ಜೊತೆಗೆ ಕೂತು ಅವರ ಮಾತಿನಲ್ಲೇ ಹೇಳುವವರು ಬೇಕು.

2027ರೊಳಗೆ ಆನೆಕಾಲು ರೋಗ ನಿರ್ಮೂಲನೆ ಮಾಡುವುದು ದೇಶದ ಗುರಿ. ಹಾಗಿದ್ದರೆ ಲೆಕ್ಕದಿಂದ ತಪ್ಪಿಸಿಕೊಳ್ಳುವ ಈ ಕಾರ್ಮಿಕರನ್ನು ಬೆಂಗಳೂರೇ ಹುಡುಕಿಕೊಂಡು ಹೋಗಬೇಕು. ಮೊದಲಿನಂತೆ ರಾತ್ರಿ ಕಾದು ರಕ್ತ ತೆಗೆಯಲೇಬೇಕೆಂದಿಲ್ಲ. ಹಗಲಲ್ಲೇ ಬೆರಳು ಚುಚ್ಚಿ ನೋಡುವ ಪಟ್ಟಿ ಪರೀಕ್ಷೆ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯೂ ಆರೋಗ್ಯ ಇಲಾಖೆಯೂ ಸೇರಿ ಯಲಹಂಕದ ಶೆಡ್‌ಗಳಿಂದಲೇ ಶುರು ಮಾಡಲಿ. ಸೋಂಕು ಕಂಡವರಿಗೆ ಖಾಲಿ ಹೊಟ್ಟೆಯಲ್ಲಿ ಈ ಗುಳಿಗೆ ಕೊಡುವಂತಿಲ್ಲ. ಹಾಗಾಗಿ ತಂಡ ಹೋಗಬೇಕಾದದ್ದು ಬೆಳಗಿನ ರೊಟ್ಟಿ ಮುಗಿದು, ಮೇಸ್ತ್ರಿ ಕೆಲಸಕ್ಕೆ ಕರೆಯುವ ಮುಂಚೆ.