ತಪ್ಪನ್ನೂ ನುಡಿಸುವ ವಾದ್ಯ

ಬಾಲ್ಯದಲ್ಲಿ ಒಂದೂವರೆ ವರ್ಷಕಾಲ ನಾನು ಪಿಟೀಲು ಕಲಿತೆನೆಂಬ ಸಂಗತಿಯನ್ನು ಈ ಪುಟದ ಹಳೆಯ ವಾಚಕರು ಮರೆತಿರಲಾರರು. ಮರೆಯಲು ನಾನೇ ಅವಕಾಶ ಕೊಟ್ಟಿಲ್ಲ. ಆ ವಿದ್ಯೆ ನಿಂತುಹೋದದ್ದು ಹೇಗೆಂಬುದನ್ನು ಮಾತ್ರ ಇದುವರೆಗೆ ಹೇಳಿರಲಿಲ್ಲ. ಈಗ ಹೇಳಬೇಕಾಗಿ ಬಂದಿರುವುದು ಒಂದು ಪ್ಲಾಸ್ಟಿಕ್ ಗಿಟಾರಿನ ದೆಸೆಯಿಂದ.

2008ರ ಬೇಸಿಗೆಯಲ್ಲಿ ನಾನೂ ನನ್ನಾಕೆಯೂ ಅಮೆರಿಕದ ಬಾಸ್ಟನ್ ನಗರದ ಸಮೀಪ ಮಗಳ ಮನೆಯಲ್ಲಿದ್ದೆವು. ಮೊಮ್ಮಗನಿಗೆ ಆಗ ಹತ್ತು ವರ್ಷ. ಸಂಜೆಯಾಯಿತೆಂದರೆ ಅವನು ಟೆಲಿವಿಷನ್ನಿನ ಮುಂದೆ ಕಾಲಗಲಿಸಿ ನಿಂತು, ಆಟಿಕೆಯ ಗಿಟಾರನ್ನು ಕೊರಳಿಗೆ ತೂಗುಹಾಕಿಕೊಂಡು, 'ಗಿಟಾರ್ ಹೀರೋ' ಎಂಬ ವೀಡಿಯೋ ಆಟಕ್ಕೆ ತೊಡಗುವನು. ಆ ವಾದ್ಯಕ್ಕೆ ತಂತಿಯೆಂಬುದೇ ಇಲ್ಲ. ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಬಣ್ಣದ ಐದು ಗುಂಡಿಗಳು ಎಡಗೈಗೆ. ಮೀಟಲು ಒಂದು ಪಟ್ಟಿ ಬಲಗೈಗೆ. ಪರದೆಯ ಮೇಲೆ ರಸ್ತೆಯಂತಹ ಹಾದಿಯಲ್ಲಿ ಬಣ್ಣದ ಬಿಲ್ಲೆಗಳು ಸರಿದು ಬರುತ್ತವೆ. ಬಿಲ್ಲೆ ಗೆರೆಯನ್ನು ಮುಟ್ಟುವ ಕ್ಷಣಕ್ಕೆ ಸರಿಯಾಗಿ ಆ ಬಣ್ಣದ ಗುಂಡಿಯನ್ನೊತ್ತಿ ಪಟ್ಟಿಯನ್ನು ಮೀಟಿದರೆ, ಯಾರೋ ಎಂದೋ ನುಡಿಸಿಟ್ಟ ಸಂಗೀತ ಝೇಂಕರಿಸುತ್ತದೆ. ತಪ್ಪಿದರೆ ಟಕ್ಕೆಂದು ಒಂದು ಸದ್ದು. ಗಿಟಾರಿನ ಧ್ವನಿ ಅಷ್ಟು ಹೊತ್ತು ಅಡಗುತ್ತದೆ. ಸುಲಭದ ಮಟ್ಟಕ್ಕೆ ಮೂರೇ ಗುಂಡಿ ಸಾಕು. ಕಡೆಗೆ ನೂರಕ್ಕೆ ಇಷ್ಟೆಂದು ಅಂಕ, ಐದರವರೆಗೆ ನಕ್ಷತ್ರಗಳು, ಕಾಣದ ಸಭಿಕರ ಕರತಾಡನ. ನನ್ನ ಕೊರಳಿಗೂ ಒಮ್ಮೆ ಅದನ್ನು ತೊಡಿಸಿದರು. ಹಾಡು ಅರ್ಧವಾಗುವ ಮುನ್ನವೇ ಸಭಿಕರು ಕೂಗಿ ನನ್ನನ್ನು ವೇದಿಕೆಯಿಂದ ಇಳಿಸಿದರು.

ಈ ಆಟ ಹುಟ್ಟಿದ್ದೂ ಆ ಸೀಮೆಯಲ್ಲಿಯೇ, ಚಾರ್ಲ್ಸ್ ನದಿಯ ದಡದ ಕೇಂಬ್ರಿಜ್ ಪಟ್ಟಣದಲ್ಲಿ. ಎಂ.ಐ.ಟಿ.ಯಲ್ಲಿ ಓದಿದ ಅಲೆಕ್ಸ್ ರಿಗೋಪುಲಸ್ ಮತ್ತು ಎರಾನ್ ಎಗೋಜಿ ಎಂಬಿಬ್ಬರು 1995ರಲ್ಲಿ ಹಾರ್ಮೋನಿಕ್ಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಎಗೋಜಿ ಸ್ವತಃ ಕ್ಲಾರಿನೆಟ್ ವಾದಕರು. ವರ್ಷಗಟ್ಟಲೆ ಸಾಧನೆ ಮಾಡಿದವರಿಗೆ ಮಾತ್ರ ದಕ್ಕುವ ಸುಖದಲ್ಲಿ ಒಂದಂಶವನ್ನಾದರೂ ಇತರರಿಗೆ ಹಂಚಬೇಕೆಂಬುದು ಅವರ ಹಂಬಲ. 2005ರ ನವೆಂಬರಿನಲ್ಲಿ ಹೊರಬಂದ ಗಿಟಾರ್ ಹೀರೋ ಅವರ ಕೈ ಹಿಡಿಯಿತು. 2007ರಲ್ಲಿ ಬೇರೊಂದು ತಂಡ ರಚಿಸಿದ ಅದರ ಮೂರನೆಯ ಆವೃತ್ತಿಯ ಮಾರಾಟ ನೂರು ಕೋಟಿ ಡಾಲರನ್ನು ದಾಟಿತಂತೆ. ನಾಲ್ಕೇ ವರ್ಷಗಳಲ್ಲಿ ಜನಕ್ಕೆ ಸಾಕಾಗಿ, 2011ರ ಫೆಬ್ರವರಿಯಲ್ಲಿ ಆ ವಿಭಾಗವನ್ನೇ ಮುಚ್ಚುವುದಾಗಿ ಮಾಲೀಕರು ಸಾರಿದರು. ಇರಲಿ, ವ್ಯಾಪಾರದ ಮಾತು ನಮಗೇಕೆ?

ಮೊಮ್ಮಗ ನೂರಕ್ಕೆ ತೊಂಬತ್ತಾರು ಗಳಿಸತೊಡಗಿದಾಗ ಅಳಿಯಂದಿರು ಹಿಗ್ಗಿ, ಹುಟ್ಟುಹಬ್ಬಕ್ಕೆ ನಿಜವಾದ ವಿದ್ಯುತ್ ಗಿಟಾರನ್ನೇ ತಂದುಕೊಟ್ಟರು. ಆರು ತಂತಿ, ಕತ್ತಿನುದ್ದಕ್ಕೂ ಇಪ್ಪತ್ತಕ್ಕೂ ಮೀರಿ ಮನೆಗಳು. ಹುಡುಗ ಅದೇ ಭಂಗಿಯಲ್ಲಿ ನಿಂತು, ಅದೇ ಠೀವಿಯಿಂದ ಮೀಟಿದ. ಹೊರಟ ಧ್ವನಿಯನ್ನು ವರ್ಣಿಸುವುದು ಬೇಡ. ಅವನು ಬೆಚ್ಚಿ, ವಾದ್ಯವನ್ನು ದೂರ ಹಿಡಿದು, ನನ್ನ ಮುಖ ನೋಡಿದ.

"ತಾತ, ಇದು ತಪ್ಪನ್ನೂ ನುಡಿಸುತ್ತಲ್ಲ!"

ಹದಿನೈದು ದಿನಗಳಲ್ಲಿ ಬೆರಳ ತುದಿಗಳು ಕೆಂಪಾದವು. ನಾವು ಊರಿಗೆ ಹೊರಡುವ ವೇಳೆಗೆ ಗಿಟಾರು ಮಂಚದಡಿ ಸೇರಿತ್ತು. ಮಗಳು ಅವನನ್ನು ಸೋಮಾರಿಯೆಂದು ಗದರಿದಳು. ನಾನು ಸುಮ್ಮನಿದ್ದೆ, ಮಾತನಾಡುವ ಅಧಿಕಾರ ನನಗಿರಲಿಲ್ಲ.

ಪಿಟೀಲಿಗೆ ವೀಣೆಯಂತೆ ಮೆಟ್ಟಿಲುಗಳಿಲ್ಲ. ಗಾಂಧಾರ ಎಲ್ಲಿದೆಯೆಂದು ತೋರಿಸಲು ಗುರುತೂ ಇಲ್ಲ. ಬೆರಳು ಕೂದಲೆಳೆಯಷ್ಟು ಜಾರಿದರೂ ಸ್ವರ ಕೆಡುತ್ತದೆ. ಮೊದಲ ವರ್ಷವೆಲ್ಲ ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ ಕುಳಿತು ಮಾಯಾಮಾಳವಗೌಳದ ಸರಳೆಗಳನ್ನು ನಾನು ಪರಮಾನಂದದಿಂದ ಕುಯ್ಯುತ್ತಿದ್ದೆ. ಬೇಸರಪಟ್ಟವರು ನೆರೆಹೊರೆಯವರು. ಒಂದು ದಿನ ಇದ್ದಕ್ಕಿದ್ದಂತೆ ನನ್ನ ಗಾಂಧಾರ ನನ್ನ ಕಿವಿಗೇ ಕಟುವಾಗಿ ಕೇಳಿಸಿತು. ಮರುದಿನವೂ ಹಾಗೆಯೇ. ಕೈ ನಿನ್ನೆಯದೇ, ಆದರೆ ಕಿವಿ ಅದಕ್ಕಿಂತ ಎರಡು ಹೆಜ್ಜೆ ಮುಂದೆ ಹೋಗಿಬಿಟ್ಟಿತ್ತು. ಮೇಷ್ಟ್ರು ತಂದೆಯವರಲ್ಲಿ, "ರಾಯರೇ, ಹುಡುಗನಿಗೆ ಕಿವಿ ತೆರೆಯಿತು, ಇನ್ನು ಭಯವಿಲ್ಲ" ಎಂದರು. ನನಗೆ ಅದು ಗೇಲಿಯಂತೆ ಕಂಡಿತು. ಅದೇ ತಿಂಗಳು ಪರೀಕ್ಷೆಯ ನೆಪ ಹೇಳಿ ಕಮಾನನ್ನು ಕೆಳಗಿಟ್ಟೆ. ವಿದ್ಯೆ ಆರಂಭವಾಗುವ ದಿನವನ್ನೇ ಅದು ಮುಗಿಯುವ ದಿನವೆಂದು ತಿಳಿದೆ.

ಆ ಆಟ ಹುಡುಗನಿಂದ ಮರೆಮಾಡಿದ್ದು ಇದನ್ನೇ. ಅಲ್ಲಿ ನುಡಿಸುವುದು ಕಣ್ಣು. ಕಿವಿಗೆ ಬೀಳುವುದು ಮತ್ತೊಬ್ಬರ ಕೈಚಳಕ. ತಪ್ಪಿಗೆ ಅಂಕ ಕಳೆಯುತ್ತದೆಯೇ ಹೊರತು, ಅಪಸ್ವರ ಹೇಗಿರುತ್ತದೆಂದು ಕೇಳಿಸುವುದೇ ಇಲ್ಲ.

ಆಟದಿಂದ ಏನೂ ಬರುವುದಿಲ್ಲವೆಂದರೆ ಅನ್ಯಾಯವಾದೀತು. ಹಾರ್ಮೋನಿಕ್ಸಿನವರು 2007ರಲ್ಲಿ ತಂದ 'ರಾಕ್ ಬ್ಯಾಂಡ್' ಆಟದಲ್ಲಿ ಬಡಿಯಲು ನಾಲ್ಕು ಹಲಗೆ, ಕಾಲಿಗೊಂದು ಮೆಟ್ಟು ಇದ್ದವು. ಅದರಲ್ಲಿ ಪಳಗಿದ ಕೈಕಾಲುಗಳಿಗೆ ನಿಜವಾದ ಡ್ರಮ್ಮು ಅಷ್ಟೇನೂ ಅಪರಿಚಿತವಲ್ಲ. ಹಾಡಿನೊಳಗೆ ಯಾವ ವಾದ್ಯ ಎಲ್ಲಿದೆಯೆಂದು ಬಿಡಿಸಿ ಕೇಳುವುದನ್ನೂ ಮಗು ಕಲಿಯಿತು. 2011ರಲ್ಲಿ ಬಂದ 'ರಾಕ್‌ಸ್ಮಿತ್' ಎಂಬುದಂತೂ ನಿಜವಾದ ಗಿಟಾರಿಗೇ ತಂತಿ ಜೋಡಿಸಿ, ನುಡಿಸಿದ್ದನ್ನು ಆಲಿಸಿ, ಕೈ ಪಳಗಿದಂತೆ ಸ್ವರಗಳನ್ನು ಹೆಚ್ಚಿಸುತ್ತದೆ. ಮಂಚದಡಿಯ ಗಿಟಾರು ಹೊರಬಂದದ್ದು ಅದರ ಪುಣ್ಯದಿಂದಲೇ. ಆದರೆ ಮಣಿಕಟ್ಟು ಸೊಟ್ಟಗಿದೆಯೆಂದು ಹೇಳಲು ಅದಕ್ಕೆ ಕಣ್ಣಿಲ್ಲ. ಅದಕ್ಕಾಗಿ ಮುಂದೆ ಅವನು ಒಬ್ಬ ಮೇಷ್ಟ್ರ ಬಳಿಗೇ ಹೋಗಬೇಕಾಯಿತು.

ಈಗ ಅವನು ನೌಕರಿಯಲ್ಲಿದ್ದಾನೆ. ಕಳೆದ ತಿಂಗಳು ದೂರವಾಣಿಯಲ್ಲಿ ನನಗಾಗಿ ಒಂದು ಗತ್ತನ್ನು ನುಡಿಸಿದ. ನಡುವೆ ಒಂದೆಡೆ ತಪ್ಪಿತು. ನಾನು ಹೇಳುವ ಮುನ್ನವೇ ತಡೆದು, ಆ ಸಾಲನ್ನು ಮತ್ತೆ ಹಿಡಿದ.

ಮರುದಿನ ನಾನು ಅಟ್ಟದಿಂದ ಪಿಟೀಲನ್ನು ಇಳಿಸಿದೆ. ಎರಡು ತಂತಿ ಕಡಿದಿದ್ದವು, ಬಿರಡೆಗಳು ಬಿಗಿದುಕೊಂಡಿದ್ದವು. ಅದನ್ನೆಲ್ಲ ಸರಿಪಡಿಸಿಕೊಂಡು ಈಗ ಮೂರನೆಯ ಸರಳೆಯಲ್ಲಿದ್ದೇನೆ. ಗಾಂಧಾರ ಇನ್ನೂ ಜಾರುತ್ತಿದೆ. ಪಕ್ಕದ ಮನೆಯವರು ಇದುವರೆಗೆ ಏನೂ ಅಂದಿಲ್ಲ. ಕಿಟಕಿ ಮಾತ್ರ ಮುಚ್ಚಿರುತ್ತಾರೆ.