ಐರಿಷ್ ಸ್ಟ್ಯೂ ಮತ್ತು ನಮ್ಮ ಮನೆಯ ಗಂಜಿ

ಅಡಿಗೆಯ ವಿಷಯವನ್ನು ಪ್ರೌಢಶಾಲೆಯ ಸ್ಮರಣ ಸಂಚಿಕೆಯಲ್ಲಿ ಬರೆಯುವದು ಯುಕ್ತವೋ ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಶಾಲೆಯಲ್ಲಿ ಕಲಿತ ವಿದ್ಯೆಯು ಮನೆಯೊಳಗೆ ಯಾವ ಫಲವನ್ನು ಕೊಟ್ಟಿತೆಂಬದನ್ನು ನೋಡುವದಕ್ಕೆ ಅಡಿಗೆಮನೆಗಿಂತ ತಕ್ಕ ಸ್ಥಳವು ಬೇರೊಂದಿಲ್ಲವೆಂದು ನಮ್ಮ ಎಣಿಕೆ. ಆದುದರಿಂದ ಪೂರ್ವವಿದ್ಯಾರ್ಥಿನಿಯರೂ ತಂದೆತಾಯಿಗಳೂ ಈ ಕೆಲವು ಮಾತುಗಳನ್ನು ಆಲಿಸಬೇಕೆಂದು ಬೇಡುತ್ತೇವೆ.

ಹಬ್ಬದ ದಿನಗಳಲ್ಲಿಯೂ ಅತಿಥಿಗಳು ಬಂದಾಗಲೂ ಸ್ಟ್ಯೂ ಮಾಡುವದು ನಮ್ಮ ಅನೇಕ ಕುಟುಂಬಗಳಲ್ಲಿ ಗೌರವದ ಸಂಗತಿಯಾಗಿದೆ. ಆದರೆ ತೆಂಗಿನ ಹಾಲು, ಚಕ್ಕೆ, ಲವಂಗ, ಹಸಿಮೆಣಸು ಇವುಗಳನ್ನು ಕೂಡಿಸಿ ಮಾಡುವ ಪದಾರ್ಥವು ಕೇರಳದವರು ಅಪ್ಪದೊಡನೆ ಉಣ್ಣುವ ‘ಇಷ್ಟು’ವಿನ ಬಳಗಕ್ಕೆ ಸೇರಿದ್ದು. ಅದು ರುಚಿಕರವಾದದ್ದೇ, ಐರ್ಲೆಂಡಿನದು ಮಾತ್ರ ಅಲ್ಲ. ಐರ್ಲೆಂಡಿನ ಹಳ್ಳಿಯ ಸ್ಟ್ಯೂವಿಗೆ ಬೇಕಾದವು ಮೂರೇ ವಸ್ತುಗಳು: ಕುರಿಯ ಮಾಂಸ, ಬಟಾಟೆ, ನೀರುಳ್ಳಿ. ಇವುಗಳೊಡನೆ ನೀರು, ಉಪ್ಪು, ಕರಿಮೆಣಸು. ಕ್ಯಾರೆಟ್ಟು ಹಾಕಬಹುದೋ ಬಾರದೋ ಎಂದು ಆ ದೇಶದವರೇ ಇಂದಿಗೂ ವಾದಿಸುತ್ತಾರೆ.

ಇದನ್ನು ಮನೆಯಲ್ಲಿ ಮಾಡುವ ಕ್ರಮವು ಸುಲಭ. ಐದು ಮಂದಿಗೆ ಅರ್ಧ ಕಿಲೋ ಎಲುಬುಳ್ಳ ಮಾಂಸ, ಮುಕ್ಕಾಲು ಕಿಲೋ ಬಟಾಟೆ, ಕಾಲು ಕಿಲೋ ನೀರುಳ್ಳಿ ಸಾಕು. ಕತ್ತಿನ ಅಥವಾ ಭುಜದ ಮಾಂಸವು ಅಗ್ಗವಾದದ್ದು, ಈ ಕೆಲಸಕ್ಕೆ ಉತ್ತಮವಾದದ್ದೂ ಅದೇ. ಅದರ ನರಗಳು ನಿಧಾನವಾದ ಶಾಖದಲ್ಲಿ ಕರಗಿ ರಸಕ್ಕೆ ಮೈಕೊಡುತ್ತವೆ. ಬಟಾಟೆಯ ಅರ್ಧ ಪಾಲನ್ನು ತೆಳ್ಳಗೆ ಕೊಯ್ದು ಪಾತ್ರೆಯ ತಳದಲ್ಲಿ ಹರಡಿ, ಮೇಲೆ ಮಾಂಸವನ್ನೂ ನೀರುಳ್ಳಿಯನ್ನೂ ಇಟ್ಟು, ಎಲ್ಲವೂ ಮುಳುಗುವಷ್ಟು ಮಾತ್ರ ನೀರೆರೆಯಬೇಕು. ಕುದಿ ಬಂದಾಗ ನೊರೆಯನ್ನು ತೆಗೆದು, ಮುಚ್ಚಳವಿಟ್ಟು, ಸಣ್ಣ ಉರಿಯಲ್ಲಿ ಎರಡು ಗಂಟೆ ಬೇಯಿಸಬೇಕು. ಉಳಿದ ಬಟಾಟೆಯನ್ನು ದೊಡ್ಡ ಹೋಳುಗಳಾಗಿ ಕಡೆಯ 40 ನಿಮಿಷಕ್ಕೆ ಸೇರಿಸುವದು. ತಳದ ಬಟಾಟೆ ಕರಗಿ ರಸವನ್ನು ತಾನೇ ದಪ್ಪವಾಗಿಸುವದರಿಂದ ಹಿಟ್ಟಿನ ಅಗತ್ಯವಿಲ್ಲ. ಪ್ರೆಷರ್ ಕುಕ್ಕರಿನಲ್ಲಿ ಮಾಡುವವರು ಮಾಂಸವನ್ನು ಮೊದಲು ಬೇಯಿಸಿ, ಬಟಾಟೆಯನ್ನು ಆಮೇಲೆ ಹಾಕಲಿ. ಮಸಾಲೆಯ ಮರೆಯಿಲ್ಲದ ಅಡಿಗೆಯಾದುದರಿಂದ ಮಾಡುವವರ ಅಜಾಗ್ರತೆಯನ್ನು ಅದು ಅಡಗಿಸುವದಿಲ್ಲ; ಕಲಿಯುವವರಿಗೆ ಅದೇ ಅದರ ದೊಡ್ಡ ಉಪಕಾರ.

ಇಷ್ಟು ಸಾದಾ ಪದಾರ್ಥವು ಹುಟ್ಟಿದ್ದು ಸಿರಿವಂತರ ಮನೆಯಲ್ಲಲ್ಲ. ಉಣ್ಣೆಗೂ ಹಾಲಿಗೂ ಸಾಕಿದ ಕುರಿಯು ಮುದಿಯಾದ ಮೇಲೆ ಅದರ ಗಟ್ಟಿ ಮಾಂಸವನ್ನು ಮೆತ್ತಗೆ ಮಾಡಲು ಬಡವರು ಕಂಡುಕೊಂಡ ಉಪಾಯವಿದು. ಒಂದೇ ಪಾತ್ರೆ, ಒಂದೇ ಒಲೆ. ಅಮೇರಿಕಾ ಖಂಡದಿಂದ ಬಂದ ಬಟಾಟೆಯೇ ಅಲ್ಲಿಯ ಬಡವರ ಪ್ರಾಣಾಧಾರವಾಗಿತ್ತು. 1845ರಲ್ಲಿ ಆ ಬೆಳೆಗೆ ಅಂಗಮಾರಿ ರೋಗವು ತಗಲಲು, ಮುಂದಿನ ಕೆಲವು ವರ್ಷಗಳೊಳಗೆ ಸುಮಾರು 10 ಲಕ್ಷ ಜನರು ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜಾಡ್ಯಗಳಿಂದಲೂ ಸತ್ತರು. ಅಷ್ಟೇ ಮಂದಿ, ಅಥವಾ ಅದಕ್ಕಿಂತಲೂ ಹೆಚ್ಚು, ದೇಶವನ್ನು ಬಿಟ್ಟು ಹೋದರು. ಆ ಕಾಲದಲ್ಲಿಯೂ ಧಾನ್ಯವು ಐರ್ಲೆಂಡಿನಿಂದ ಹಡಗುಗಳಲ್ಲಿ ಹೊರಗೆ ಸಾಗುತ್ತಲೇ ಇತ್ತು. ನಮ್ಮ ಹಾಸನದ ರೈತರಿಗೂ ಅದೇ ಅಂಗಮಾರಿಯಿಂದ ನಷ್ಟವುಂಟಾದದ್ದನ್ನು ಬಲ್ಲವರು ಆ ದುಃಖವನ್ನು ಊಹಿಸಬಲ್ಲರು. ಸ್ಟ್ಯೂವಿನ ಬೋಗುಣಿಯಲ್ಲಿ ಈ ಚರಿತ್ರೆಯೂ ಇದೆಯೆಂಬದನ್ನು ನಮ್ಮ ಮಕ್ಕಳಿಗೆ ತಿಳಿಸತಕ್ಕದ್ದು.

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಸ್ಟ್ಯೂವಿನ ಹೆಸರನ್ನು ಹೆಮ್ಮೆಯಿಂದ ಹೇಳುವ ಹುಡುಗಿಯು ಬೆಳಿಗ್ಗೆ ಗಂಜಿಯುಂಡು ಬಂದೆನೆಂದು ಹೇಳುವದಕ್ಕೆ ನಾಚುತ್ತಾಳೆ. ಇದನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಕಂಡಿದ್ದೇವೆ. ಒಂದು ದೇಶದ ಬಡವರ ಊಟವು ಗೌರವಕ್ಕೆ ಯೋಗ್ಯವೆಂತಲೂ ತನ್ನ ತಾಯಿಯ ಒಲೆಯ ಮೇಲಿನ ಊಟವು ಲಜ್ಜಾಸ್ಪದವೆಂತಲೂ ಆಕೆಗೆ ಕಲಿಸಿದವರು ಯಾರು? ನಾವು ದೊಡ್ಡವರೇ ಅಲ್ಲವೇ? ಸ್ಟ್ಯೂವಿಗೂ ಗಂಜಿಗೂ ಗುಣದಲ್ಲಿ ನಿಕಟವಾದ ಬಾಂಧವ್ಯವಿದೆ. ಎರಡರಲ್ಲಿಯೂ ಬೇಯಿಸಿದ ನೀರನ್ನು ಚೆಲ್ಲುವದಿಲ್ಲ. ನೀರಿನಲ್ಲಿ ಕರಗಿದ ಸತ್ವವು ಉಣ್ಣುವವರಿಗೇ ಸೇರುತ್ತದೆ. ನಮ್ಮ ಕುಚ್ಚಲಕ್ಕಿಯಂತೂ ಉಮಿ ತೆಗೆಯುವದಕ್ಕೆ ಮುಂಚೆ ಬೆಂದದ್ದು. ಹಾಗೆ ಬೇಯುವಾಗ ತವುಡಿನ ಜೀವಸತ್ವಗಳಲ್ಲಿ ಕೆಲವು ಕಾಳಿನೊಳಕ್ಕೆ ಇಳಿಯುತ್ತವೆ. ಅಂಥ ಅಕ್ಕಿಯ ಗಂಜಿಯು ತೆಂಗಿನ ಚಟ್ನಿಯೊಡನೆಯೋ ಒಣಮೀನಿನೊಡನೆಯೋ ಯಾವ ದೇಶದ ಮೇಜಿನ ಮುಂದೆಯೂ ತಲೆತಗ್ಗಿಸಬೇಕಾದದ್ದಲ್ಲ.

ಹಾಗಾದರೆ ಪರದೇಶದ ಪಾಕವನ್ನು ಬಿಟ್ಟೇ ಬಿಡುವದು ಲೇಸಲ್ಲವೇ ಎಂದು ಕೆಲವು ಪೋಷಕರು ಕೇಳುವರು. ನಾವು ಹಾಗೆನ್ನುವದಿಲ್ಲ. ಬಟಾಟೆಯು ಪೋರ್ಚುಗೀಸರ ಮಾತನ್ನೇ ಹೆಸರಾಗಿ ಹೊತ್ತು ನಮ್ಮ ಕರಾವಳಿಯಲ್ಲಿ ಮನೆಯವಳಾಗಿದೆ. ನಮ್ಮ ಕರಾವಳಿಯ ಮೆಣಸು ಅದಕ್ಕೂ ಬಹು ಮೊದಲೇ ಯೂರೋಪಿಗೆ ಹೋಗಿತ್ತು. ಊರುಗಳ ನಡುವೆ ಮನುಷ್ಯರೂ ಹಾಗೆಯೇ ಬಂದು ಹೋಗುತ್ತಾರೆ. 1878ರಲ್ಲಿ ಐರ್ಲೆಂಡಿನ ಬಾಯ್ಲ್ ಎಂಬ ಊರಿನಲ್ಲಿ ಜನಿಸಿದ ಮಾರ್ಗರೆಟ್ ಕಸಿನ್ಸ್ ಎಂಬವರು, ಸ್ತ್ರೀಯರ ಮತದ ಹಕ್ಕಿಗಾಗಿ ಸೆರೆಮನೆಯನ್ನು ಕಂಡವರು, 1919-20ರಲ್ಲಿ ನಮ್ಮ ಮಂಗಳೂರಿನ ನ್ಯಾಷನಲ್ ಬಾಲಿಕಾ ಶಾಲೆಗೆ ಮೊದಲನೆಯ ಮುಖ್ಯಸ್ಥೆಯಾಗಿದ್ದರು. 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನವನ್ನು ಕಟ್ಟಿದವರಲ್ಲಿಯೂ ಅವರೊಬ್ಬರು. ಆ ಐರಿಷ್ ಮಹಿಳೆಯು ಮಾಂಸಾಹಾರವನ್ನು ತ್ಯಜಿಸಿದವರಾಗಿದ್ದರು! ತನ್ನ ನಾಡಿನ ಹೆಸರಾಂತ ಊಟವನ್ನು ಉಣ್ಣದವರೂ ಆ ನಾಡಿನ ಯೋಗ್ಯ ಮಗಳಾಗಿರಬಹುದೆಂಬದಕ್ಕೆ ಇದು ದೃಷ್ಟಾಂತ. ಮಾಂಸ ಮುಟ್ಟದ ಮನೆಗಳ ನಮ್ಮ ವಿದ್ಯಾರ್ಥಿನಿಯರು ನೆನೆಯಿಟ್ಟು ಬೇಯಿಸಿದ ಅಲಸಂದೆಯನ್ನು ಅದರ ಸ್ಥಳದಲ್ಲಿ ಹಾಕಿ ಇದೇ ಕ್ರಮದಿಂದ ಮಾಡಲಿ.

ಇನ್ನೊಂದು ಮಾತು. ಈ ಪಾಠವು ಹೆಣ್ಣುಮಕ್ಕಳಿಗೆ ಮಾತ್ರ ಮೀಸಲೆಂದು ತಂದೆತಾಯಿಗಳು ತಿಳಿಯಬಾರದು. ಮೂರು ವಸ್ತುಗಳನ್ನು ಒಂದು ಪಾತ್ರೆಯಲ್ಲಿ ಬೇಯಿಸಲು ಬಾರದ ಮಗನು ಪರಸ್ಥಳದಲ್ಲಿ ಉದ್ಯೋಗಕ್ಕೆ ನಿಂತಾಗ ಪಡುವ ಕಷ್ಟವನ್ನು ನೀವೇ ಬಲ್ಲಿರಿ. ಅವನು ನಾಳೆ ಗೃಹಸ್ಥನಾದಾಗ ಆ ಕಷ್ಟವು ಅವನ ಹೆಂಡತಿಯ ಹೆಗಲಿಗೇರುವದು.

ಒಂದು ಬಟ್ಟಲು ಗುಗ್ಗರಿಗಾಗಿ ಚೊಚ್ಚಲತನದ ಹಕ್ಕನ್ನು ಮಾರಿದ ಏಸಾವನ ಕಥೆಯನ್ನು ನಮ್ಮ ಶಾಲೆಯಲ್ಲಿ ಓದದವರಿಲ್ಲ. ಹಸಿದವನು ಉಂಡದ್ದು ಅವನ ದೋಷವಲ್ಲ. ತನಗೆ ಸಲ್ಲತಕ್ಕದ್ದನ್ನು ತಾನೇ ತಾತ್ಸಾರ ಮಾಡಿದ್ದು ದೋಷ. ಆದುದರಿಂದ ಬರುವ ರಜೆಯಲ್ಲಿ ಒಂದು ದಿನ ಮಗನನ್ನೂ ಮಗಳನ್ನೂ ಒಲೆಯ ಬಳಿಗೆ ಕರೆದು ಸ್ಟ್ಯೂ ಮಾಡಿಸಿರಿ, ಅದರ ಚರಿತ್ರೆಯನ್ನು ಹೇಳಿರಿ. ಮರುದಿನ ಬೆಳಿಗ್ಗೆ ಅದೇ ಮೇಜಿನ ಮೇಲೆ, ಅದೇ ಬೋಗುಣಿಗಳಲ್ಲಿ ಗಂಜಿಯನ್ನು ಬಡಿಸಿರಿ. ಆ ಹೊತ್ತಿಗೆ ಅತಿಥಿಗಳು ಬಂದರೆ ಪಾತ್ರೆಯನ್ನು ಮರೆಮಾಡದೆ ಅವರಿಗೂ ಒಂದು ಬೋಗುಣಿಯನ್ನು ಇಡಿರಿ.